ಹಿಮದಡಿ ಆರು ದಿನ: ಯೋಧ ಹನುಮಂತಪ್ಪ ಕೊಪ್ಪದ ಜೀವನಗಾಥೆ

ಕೊಳ್ಳೇಗಾಲ: ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟದಲ್ಲಾಗಲಿ, ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಾಗಲಿ ಹಿಮ ಬೀಳುವುದಿಲ್ಲ. ಈ ಸೀಮೆಯವರಿಗೆ ಚಳಿಯೆಂದರೆ ಕಂಬಳಿ ಹೊದ್ದು ಕಳೆಯುವ ಇರುಳು. ಚಳಿ ಮೈಮೇಲೆ ಗಾಯದ ಗುರುತನ್ನೂ ಉಳಿಸದೆ ಪ್ರಾಣ ತೆಗೆಯಬಲ್ಲದೆಂಬುದನ್ನು 2016ರ ಫೆಬ್ರುವರಿಯಲ್ಲಿ ಇಡೀ ನಾಡು ಕಂಡಿತು. ಅದಕ್ಕೆ ಕಾರಣರಾದವರು ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ.

ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ಬೆಟದೂರಿನ ರೈತ ಕುಟುಂಬದಲ್ಲಿ ಜನಿಸಿದ ಹನುಮಂತಪ್ಪ 2002ರಲ್ಲಿ ಸೇನೆಗೆ ಸೇರಿದರು. 13 ವರ್ಷಗಳ ಸೇವೆಯಲ್ಲಿ ಸುಮಾರು 10 ವರ್ಷಗಳನ್ನು ಕಠಿಣ ಪ್ರದೇಶಗಳಲ್ಲಿಯೇ ಕಳೆದರು. ಜಮ್ಮು ಮತ್ತು ಕಾಶ್ಮೀರದಲ್ಲಿ ಉಗ್ರರ ವಿರುದ್ಧದ ಕಾರ್ಯಾಚರಣೆಗಳಲ್ಲಿ ಪಾಲ್ಗೊಂಡರು. ಬಳಿಕ ಈಶಾನ್ಯ ರಾಜ್ಯಗಳಲ್ಲಿ ಸೇವೆ ಸಲ್ಲಿಸಿದರು. 2015ರಲ್ಲಿ ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್ನಿನೊಡನೆ ಸಿಯಾಚಿನ್ ಹಿಮನದಿಗೆ ತೆರಳಿದರು. ಊರಿನಲ್ಲಿ ಪತ್ನಿ ಹಾಗೂ ಪುಟ್ಟ ಮಗಳಿದ್ದರು.

2016ರ ಫೆಬ್ರುವರಿ 3ರಂದು ಸುಮಾರು 19,600 ಅಡಿ ಎತ್ತರದ ಸೋನಂ ಠಾಣೆಯ ಮೇಲೆ ಹಿಮಗೋಡೆ ಕುಸಿದು 10 ಯೋಧರನ್ನು ಆಹುತಿ ತೆಗೆದುಕೊಂಡಿತೆಂದೇ ಭಾವಿಸಲಾಯಿತು. ಅವರಲ್ಲಿ ಹಾಸನ ಜಿಲ್ಲೆ ತೇಜೂರಿನ ಸುಬೇದಾರ್ ನಾಗೇಶ್ ಹಾಗೂ ಎಚ್.ಡಿ. ಕೋಟೆಯ ಸಿಪಾಯಿ ಮಹೇಶ್ ಕೂಡ ಇದ್ದರು. ಮರುದಿನವೇ ದೇಶ ಸಂತಾಪ ಸೂಚಿಸಿತು. ಆದರೆ ಫೆಬ್ರುವರಿ 8ರ ರಾತ್ರಿ, ಸುಮಾರು 25 ಅಡಿ ಹಿಮದಡಿಯಿಂದ ಹನುಮಂತಪ್ಪ ಜೀವಂತವಾಗಿ ಹೊರಬಂದರು. ಉಳಿದ ಒಂಬತ್ತು ಮಂದಿ ಬದುಕಿರಲಿಲ್ಲ.

ಯಾರಾದರೂ ಉಳಿದಿರಬಹುದೆಂಬ ಆಸೆಯಿಂದ ಸ್ಥಳದಲ್ಲೇ ಕಾದಿದ್ದ ವೈದ್ಯರು ಬೆಚ್ಚಗಿನ ದ್ರಾವಣವನ್ನು ರಕ್ತನಾಳಕ್ಕೆ ಹರಿಸಿದರು. ಬಿಸಿಯಾದ ತೇವಭರಿತ ಆಮ್ಲಜನಕ ನೀಡಿದರು. ಮರುದಿನ ಅವರನ್ನು ವಿಮಾನದಲ್ಲಿ ದೆಹಲಿಯ ಸೇನಾ ಆಸ್ಪತ್ರೆಗೆ ಕರೆತರಲಾಯಿತು. ಅಲ್ಲಿ ಕಂಡದ್ದು ಅಚ್ಚರಿಯ ಸಂಗತಿ: ಕೈಕಾಲುಗಳಲ್ಲಿ ಹಿಮಗಾಯವಿರಲಿಲ್ಲ, ಮೂಳೆ ಮುರಿದಿರಲಿಲ್ಲ. ಆದರೆ ದೇಹದ ಉಷ್ಣತೆ ಕುಸಿದಿತ್ತು, ರಕ್ತದೊತ್ತಡ ಇಳಿದಿತ್ತು, ನ್ಯುಮೋನಿಯಾ ತಗುಲಿತ್ತು, ಯಕೃತ್ತು ಹಾಗೂ ಮೂತ್ರಪಿಂಡಗಳು ಸೋತಿದ್ದವು.

ದೇಹದ ಒಳಗಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅಪಾಯ ಆರಂಭವಾಗುತ್ತದೆ. ಮೊದಲು ನಡುಕ, ಬಳಿಕ ತೊದಲು ಮಾತು, ತಪ್ಪುವ ಹೆಜ್ಜೆ, ಮಂಪರು. ನಡುಕ ತಾನಾಗಿ ನಿಂತರೆ ಅದು ಚೇತರಿಕೆಯಲ್ಲ, ಸ್ಥಿತಿ ವಿಷಮಿಸಿದ ಸೂಚನೆಯಾಗಿರಬಹುದು. ದೇಹವನ್ನು ಮರಳಿ ಬೆಚ್ಚಗಾಗಿಸುವುದೂ ಸುಲಭವಲ್ಲ. ತಣ್ಣಗಾದ ಅಂಗಗಳಿಗೆ ರಕ್ತ ಮತ್ತೆ ಹರಿದಾಗ ಹೃದಯ ಲಯ ತಪ್ಪಬಹುದು. ಹನುಮಂತಪ್ಪ ಅವರ ವೈದ್ಯರು ಆರಂಭದಲ್ಲಿಯೇ ಈ ತೊಡಕಿನ ಬಗ್ಗೆ ಎಚ್ಚರಿಸಿದ್ದರು. ಮೂರು ದಿನಗಳ ಹೋರಾಟದ ಬಳಿಕ ಬಹು ಅಂಗಾಂಗ ವೈಫಲ್ಯದಿಂದ ಫೆಬ್ರುವರಿ 11ರಂದು ಅವರು ಅಸುನೀಗಿದರು. ಹುಟ್ಟೂರಿನಲ್ಲಿ ಸರ್ಕಾರಿ ಗೌರವದೊಂದಿಗೆ ಅಂತ್ಯಕ್ರಿಯೆ ನಡೆಯಿತು. 2017ರಲ್ಲಿ ಮರಣೋತ್ತರವಾಗಿ ಸೇನಾ ಪದಕ ಸಂದಿತು.

ಈ ಅಪಾಯಕ್ಕೆ ಹಿಮವೇ ಬೇಕೆಂದಿಲ್ಲ. ಒದ್ದೆ ಬಟ್ಟೆ, ಬೀಸುವ ಗಾಳಿ, ಹಸಿವು ಹಾಗೂ ಮದ್ಯ ಸೇರಿದರೆ ಮಳೆಯಲ್ಲಿ ನೆನೆದು ಕಾಡುದಾರಿಯಲ್ಲಿ ಮಾದಪ್ಪನ ಬೆಟ್ಟಕ್ಕೆ ನಡೆಯುವ ಪರಿಷೆಯವರನ್ನೂ ಅದು ತಟ್ಟಬಹುದು. ಅಂಥವರ ಒದ್ದೆ ಬಟ್ಟೆ ಕಳಚಿ, ಒಣ ಕಂಬಳಿ ಸುತ್ತಿ, ಅಲುಗಿಸದೆ ಮಲಗಿಸಬೇಕು. ಕೈಕಾಲು ತಿಕ್ಕುವುದು, ಬೆಂಕಿಯ ಮುಂದೆ ಕೂರಿಸುವುದು, ಮದ್ಯ ಕುಡಿಸುವುದು ಸಲ್ಲದು. ಪೂರ್ಣ ಎಚ್ಚರವಿದ್ದರೆ ಮಾತ್ರ ಬಿಸಿ ಸಿಹಿ ಪಾನೀಯ ಕೊಟ್ಟು, ತಡಮಾಡದೆ 108ಕ್ಕೆ ಕರೆ ಮಾಡಬೇಕು. ಮೈ ತಣ್ಣಗಾಗಿ ನಾಡಿ ಸಿಗದಿದ್ದರೂ ಸತ್ತರೆಂದು ಕೈಬಿಡಬಾರದು. ದೇಶವೇ ಸಂತಾಪ ಸೂಚಿಸಿದ ಮೇಲೂ ಹಿಮ ಅಗೆದವರಿಗೆ ಹನುಮಂತಪ್ಪ ಉಸಿರಾಡುತ್ತ ಸಿಕ್ಕಿದ್ದರು.