ಪ್ರೌಢಶಾಲೆಯ ಇಂಗ್ಲಿಷ್ ಓದು ಮತ್ತು ಕುವೆಂಪು: ಒಂದು ಜೀವನಘಟ್ಟದ ಮರುಪರಿಶೀಲನೆ

ಕುವೆಂಪು ಅವರ ಜೀವನವನ್ನು ಕುರಿತು ಬರೆದವರು 1924ರ ಒಂದು ಭೇಟಿಯನ್ನು ತಪ್ಪದೆ ಪ್ರಸ್ತಾಪಿಸುತ್ತಾರೆ. ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ತರುಣ ಪುಟ್ಟಪ್ಪ ತಮ್ಮ ಇಂಗ್ಲಿಷ್ ಕವಿತೆಗಳನ್ನು ತೋರಿಸಿದ್ದು, ತಾಯ್ನುಡಿಯಲ್ಲಿ ಬರೆಯುವಂತೆ ಅವರು ಸಲಹೆಯಿತ್ತದ್ದು, ಅಲ್ಲಿಂದ ಕನ್ನಡಕ್ಕೆ ಮಹಾಕವಿಯೊಬ್ಬರು ದೊರೆತದ್ದು - ಈ ಕಥನ ನಮ್ಮ ತರಗತಿಗಳಲ್ಲಿ ಎಷ್ಟು ಸಲ ಪುನರಾವರ್ತನೆಗೊಂಡಿದೆಯೆಂದರೆ, ಅದಕ್ಕೆ ಐತಿಹ್ಯದ ಗುಣವೇ ಬಂದುಬಿಟ್ಟಿದೆ. ಐತಿಹ್ಯವು ತಿರುವನ್ನು ಎತ್ತಿ ಹೇಳುತ್ತದೆ. ತಿರುವಿನವರೆಗೆ ನಡೆದುಬಂದ ದಾರಿಯನ್ನು ಮರೆಸುತ್ತದೆ. ಹೀಗೆ ಮರೆಯಾದದ್ದು ಮೈಸೂರಿನ ವೆಸ್ಲಿಯನ್ ಮಿಷನ್ ಪ್ರೌಢಶಾಲೆಯಲ್ಲಿ ಅವರು ನಡೆಸಿದ ಇಂಗ್ಲಿಷ್ ಸಾಹಿತ್ಯದ ಓದು.

1904ರ ಡಿಸೆಂಬರ್ 29ರಂದು ತಾಯಿಯ ತವರಾದ ಹಿರೇಕೊಡಿಗೆಯಲ್ಲಿ ಹುಟ್ಟಿ, ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಬೆಳೆದ ಈ ಬಾಲಕನಿಗೆ ಅಕ್ಷರಾಭ್ಯಾಸವಾದದ್ದು ದಕ್ಷಿಣ ಕನ್ನಡದಿಂದ ಬಂದ ಮನೆಮೇಷ್ಟರಿಂದ. ಮಲೆನಾಡಿನ ಮನೆಗಳಲ್ಲಿ ಆಗ ಜೈಮಿನಿ ಭಾರತ, ತೊರವೆ ರಾಮಾಯಣಗಳ ವಾಚನ ನಡೆಯುತ್ತಿತ್ತು. ಎಂದರೆ ಕನ್ನಡ ಕಾವ್ಯ ಕಿವಿಯ ಮೂಲಕ ಮೊದಲೇ ಒಳಗಿಳಿದಿತ್ತು. ತಂದೆ ವೆಂಕಟಪ್ಪಗೌಡರು ತೀರಿಕೊಂಡಾಗ ಹುಡುಗನಿಗೆ ಇನ್ನೂ ಹನ್ನೆರಡರ ವಯಸ್ಸು. ತೀರ್ಥಹಳ್ಳಿಯ ಆಂಗ್ಲೋ-ವರ್ನಾಕ್ಯುಲರ್ ಶಾಲೆಯ ಓದು ಮುಗಿದ ಮೇಲೆ ಮೈಸೂರಿನ ದಾರಿ ತೆರೆಯಿತು.

ಆ ಕಾಲದ ಮೈಸೂರು ಸಂಸ್ಥಾನದ ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ಒಂದು ವಿಷಯ ಮಾತ್ರವಾಗಿರಲಿಲ್ಲ, ಉಳಿದ ವಿಷಯಗಳನ್ನು ಕಲಿಯುವ ಮಾಧ್ಯಮವೂ ಆಗಿತ್ತು. ಈ ಎರಡನ್ನೂ ಬೇರ್ಪಡಿಸಿ ನೋಡದಿದ್ದರೆ ಕುವೆಂಪು ಅವರ ಮುಂದಿನ ನಿಲುವುಗಳು ಅರ್ಥವಾಗುವುದಿಲ್ಲ ಎಂಬುದು ನನ್ನ ತಿಳಿವಳಿಕೆ. ಸಾಹಿತ್ಯವಾಗಿ ಬಂದ ಇಂಗ್ಲಿಷ್ ಅವರಿಗೆ ಕೊಟ್ಟಿತು. ಮಾಧ್ಯಮವಾಗಿ ಬಂದ ಇಂಗ್ಲಿಷ್ ಅವರಿಂದ ಕಸಿಯಿತು.

ಕೊಟ್ಟದ್ದೇನು? ವರ್ಡ್ಸ್‌ವರ್ತ್‌ನಂಥ ಕವಿಗಳ ಓದಿನಿಂದ ತನ್ನೂರಿನ ಗುಡ್ಡ, ಕಾಡು, ಮುಂಗಾರುಗಳು ಕಾವ್ಯಕ್ಕೆ ನೇರವಾಗಿ ವಸ್ತುವಾಗಬಲ್ಲವೆಂಬ ಧೈರ್ಯ ಬಂತು. ನಮ್ಮ ಹಳೆಯ ಕಾವ್ಯಗಳಲ್ಲಿ ಋತುವರ್ಣನೆಗೆ ಕೊರತೆಯಿಲ್ಲ, ನಿಜ. ಆದರೆ ಅಲ್ಲಿನ ಕಾಡು ಅಷ್ಟಾದಶ ವರ್ಣನೆಗಳಲ್ಲಿ ಒಂದು. ಒಬ್ಬ ಹುಡುಗ ಒಂದು ಬೆಟ್ಟದ ನೆತ್ತಿಯ ಮೇಲೆ ನಿಂತು ತನಗೇ ಆದ ಅನುಭವವೆಂದು ಅದನ್ನು ಹೇಳಿಕೊಳ್ಳುವ ಮಾದರಿ ಅವನಿಗೆ ಸಿಕ್ಕಿದ್ದು ಪರಭಾಷೆಯಲ್ಲಿ.

ಕಸಿದದ್ದೂ ಇದಕ್ಕೆ ಹೊಂದಿಕೊಂಡೇ ಇತ್ತು. ಹೊಸ ಭಾವಗಳಿಗೆ ಕನ್ನಡ ಒಗ್ಗದು, ಅದರ ಛಂದಸ್ಸು ಹಳೆಯದು ಎಂಬ ನಂಬಿಕೆ ಬೇರೂರಿತು. 1922ರಲ್ಲಿ, ಇನ್ನೂ ಪ್ರೌಢಶಾಲೆಯಲ್ಲಿದ್ದಾಗಲೇ, 'ಬಿಗಿನರ್ಸ್ ಮ್ಯೂಸ್' ಎಂಬ ಇಂಗ್ಲಿಷ್ ಕವನ ಸಂಕಲನ ಪ್ರಕಟವಾಯಿತು. ವಿಪರ್ಯಾಸವೆಂದರೆ ಅದೇ ಊರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಬಿ.ಎಂ. ಶ್ರೀಕಂಠಯ್ಯನವರು, 1911ರಷ್ಟು ಹಿಂದೆಯೇ ಧಾರವಾಡದಲ್ಲಿ ಕನ್ನಡ ತಲೆಯೆತ್ತುವ ಬಗೆಯನ್ನು ಕುರಿತು ಉಪನ್ಯಾಸ ಮಾಡಿದ್ದರು. ಅವರ 'ಇಂಗ್ಲಿಷ್ ಗೀತಗಳು' ಪುಸ್ತಕರೂಪದಲ್ಲಿ ಬಂದದ್ದು 1926ರಲ್ಲಿ. ಇಂಗ್ಲಿಷ್ ಕಲಿಸುವವರು ಕನ್ನಡದತ್ತ ನಡೆಯುತ್ತಿದ್ದಾಗ ಕಲಿಯುವವನು ಇಂಗ್ಲಿಷಿನತ್ತ ನಡೆಯುತ್ತಿದ್ದ!

ಈ ಹಿನ್ನೆಲೆಯಲ್ಲಿ ಕಸಿನ್ಸ್ ಭೇಟಿಯನ್ನು ನೋಡಬೇಕು. ಸಲಹೆ ಕೇಳಿ ಹುಡುಗನಿಗೆ ನಿರಾಶೆಯಾಯಿತು. ಕನ್ನಡದ ಅಸಾಮರ್ಥ್ಯವನ್ನು ಕುರಿತ ತನ್ನ ವಾದವನ್ನೂ ಆತ ಮುಂದಿಟ್ಟ. ಹೀಗೆ ಹೇಳಿದ ಕವಿ ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿ ಐರಿಷ್ ಸಾಹಿತ್ಯ ಪುನರುಜ್ಜೀವನದ ನಡುವೆ ಬೆಳೆದವರು. ಆಳುವವರ ಭಾಷೆಗೂ ನೆಲದ ಭಾಷೆಗೂ ನಡುವಿನ ಇಕ್ಕಟ್ಟನ್ನು ಬಲ್ಲವರು. ಬಂಗಾಳದ ಮೈಕೇಲ್ ಮಧುಸೂದನ ದತ್ತರಿಗೂ 1849ರಲ್ಲಿ 'ದಿ ಕ್ಯಾಪ್ಟಿವ್ ಲೇಡಿ' ಪ್ರಕಟವಾದಾಗ ಬೆಥೂನ್ ಇಂಥದೇ ಸಲಹೆ ಕೊಟ್ಟಿದ್ದರು. ಆದರೆ ದತ್ತರು 'ಮೇಘನಾದವಧ ಕಾವ್ಯ'ಕ್ಕೆ ಬರಲು ಹನ್ನೆರಡು ವರ್ಷ ಬೇಕಾಯಿತು. ಪುಟ್ಟಪ್ಪನವರ 'ಅಮಲನ ಕಥೆ' ಭೇಟಿಯ ವರ್ಷಕ್ಕೇ ಸೇರಿದ್ದು. ಇಷ್ಟು ಬೇಗ ಹೊರಳಲು ಸಾಧ್ಯವಾದದ್ದು ಒಳಗೆ ವಾಚನದ ಕನ್ನಡ ಜೀವಂತವಾಗಿದ್ದುದರಿಂದಲೇ ಇರಬೇಕು.

ಮುಂದಿನದು ನಮಗೆಲ್ಲ ತಿಳಿದದ್ದೇ. ಮಹಾರಾಜಾ ಕಾಲೇಜು, ರಾಮಕೃಷ್ಣಾಶ್ರಮ, 1929ರಲ್ಲಿ ಕನ್ನಡ ಅಧ್ಯಾಪಕ ವೃತ್ತಿ, 1930ರಲ್ಲಿ 'ಕೊಳಲು'. ಗಮನಿಸಬೇಕಾದದ್ದು, ಕನ್ನಡಕ್ಕೆ ಬಂದ ಕವಿ ಇಂಗ್ಲಿಷ್ ಓದನ್ನು ಹೊಸ್ತಿಲಾಚೆ ಬಿಟ್ಟು ಬರಲಿಲ್ಲ. ಬ್ರೌನಿಂಗ್‌ನ ಪೈಡ್ ಪೈಪರ್ 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯಾದ. ಆ ಜೋಗಿ ಜರ್ಮನಿಯ ಊರೊಂದರವನೆಂದು ನಮ್ಮ ಮಕ್ಕಳಿಗೆ ಅನಿಸುವುದೇ ಇಲ್ಲ. 'ದಿ ಟೆಂಪೆಸ್ಟ್' ನಾಟಕ 'ಬಿರುಗಾಳಿ'ಯಾಯಿತು, 'ಹ್ಯಾಮ್ಲೆಟ್' 'ರಕ್ತಾಕ್ಷಿ'ಯಾಯಿತು. 1936ರಿಂದ 1946ರವರೆಗೆ ರಚಿತವಾದ 'ಶ್ರೀ ರಾಮಾಯಣ ದರ್ಶನಂ' ಮಹಾಕಾವ್ಯದ ಮಹಾಛಂದಸ್ಸಿನಲ್ಲಿ ಮಿಲ್ಟನ್‌ನ ಸರಳ ರಗಳೆಯ ಓಟವೂ ಹೋಮರನ ಮಹೋಪಮೆಯೂ ಕನ್ನಡದ ರಗಳೆಯೊಡನೆ ಬೆರೆತಿವೆ. ಹಳೆಯದೆಂದು ಶಾಲೆಯ ದಿನಗಳಲ್ಲಿ ದೂರವಿಟ್ಟಿದ್ದ ಛಂದಸ್ಸೇ ಇಲ್ಲಿ ಹಿಗ್ಗಿತು.

ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿ (1956-60) ಕನ್ನಡ ಮಾಧ್ಯಮಕ್ಕಾಗಿ ದುಡಿದ ಕುವೆಂಪು ಅವರನ್ನು ಇಂಗ್ಲಿಷ್ ದ್ವೇಷಿಯೆಂದು ಅಂದೂ ಆಕ್ಷೇಪಿಸಿದವರಿದ್ದರು, ಇಂದೂ ಇದ್ದಾರೆ. ಅವರು ಖಂಡಿಸಿದ್ದು ಮಾಧ್ಯಮದ ಹೇರಿಕೆಯನ್ನು, ಆ ಸಾಹಿತ್ಯವನ್ನಲ್ಲ. ಪ್ರೌಢಶಾಲೆಯ ಬೆಂಚಿನ ಮೇಲೆ ಎರಡನ್ನೂ ಅನುಭವಿಸಿದವರಿಗೆ ಈ ವ್ಯತ್ಯಾಸ ಸಿದ್ಧಾಂತವಾಗಿರಲಿಲ್ಲ, ನೆನಪಾಗಿತ್ತು. ನಮ್ಮ ವಿಭಾಗಗಳಲ್ಲಿ ಇಂದಿಗೂ ಇಂಗ್ಲಿಷ್ ಬಾರದೆಂದು ಸಂಕೋಚಪಡುವವರೂ, ಬೇಡವೆಂದು ಹೆಮ್ಮೆಪಡುವವರೂ ಒಂದೇ ಸಾಲಿನಲ್ಲಿ ಕುಳಿತಿರುವಾಗ (ನಾನು ಎರಡೂ ಕಡೆ ಕುಳಿತವನೇ) ಈ ವ್ಯತ್ಯಾಸ ಕೇವಲ ಚರಿತ್ರೆಯ ಸಂಗತಿಯಲ್ಲ.

ಹುಡುಗುತನದ ಆ ಕವಿತೆಗಳನ್ನು ತಪ್ಪೊಪ್ಪಿಗೆಯಂತೆ ಓದುವ ರೂಢಿಯನ್ನು ಸ್ವತಃ ಕವಿಯೇ ಒಪ್ಪಿರಲಿಲ್ಲವೆನ್ನಲು ಒಂದು ಆಧಾರವಿದೆ. ಜ್ಞಾನಪೀಠ ಪ್ರಶಸ್ತಿಯೂ ಬಂದ ಮೇಲೆ, 1973ರಲ್ಲಿ, ಅವರ ಇಂಗ್ಲಿಷ್ ಕವಿತೆಗಳು 'ಏಲಿಯನ್ ಹಾರ್ಪ್' ಎಂಬ ಹೆಸರಿನಲ್ಲಿ ಮತ್ತೆ ಪುಸ್ತಕವಾಗಿ ಬಂದವು. ಆ ವೀಣೆ ಪರಕೀಯದ್ದೆಂದು ಶೀರ್ಷಿಕೆಯೇ ಸಾರಿತು. ನುಡಿಸಿದ್ದನ್ನು ಮಾತ್ರ ಕವಿ ಅಳಿಸಲಿಲ್ಲ.