ತಾಯಿ ಪರ್ಲ್ ಬಕ್

1938ರಲ್ಲಿ ಸಾಹಿತ್ಯಕ್ಕಾಗಿ ನೊಬೆಲ್ ಪಾರಿತೋಷಕವನ್ನು ಪಡೆದ ಅಮೆರಿಕದ ಲೇಖಕಿ ಪರ್ಲ್ ಬಕ್ ನಮ್ಮಲ್ಲಿ ಅನೇಕರಿಗೆ ಹೆಸರಿನಿಂದಾದರೂ ಪರಿಚಿತಳು. ಚೀನಾದ ರೈತನೊಬ್ಬನ ಬಾಳನ್ನು ಚಿತ್ರಿಸುವ ‘ದಿ ಗುಡ್ ಅರ್ತ್’ ಆಕೆಯ ಕೀರ್ತಿಗೆ ಕಾರಣವಾದ ಕಾದಂಬರಿ. ಆದರೆ ಅದನ್ನು ಬರೆದ ಕೈ ಒಂದು ದೊಡ್ಡ ದುಃಖವನ್ನು ಹೊತ್ತಿತ್ತೆಂಬುದನ್ನು ಬಲ್ಲವರು ಕಡಿಮೆ.

ಆಕೆ ಜನಿಸಿದ್ದು 1892ರಲ್ಲಿ, ವೆಸ್ಟ್ ವರ್ಜೀನಿಯದಲ್ಲಿ. ತಂದೆತಾಯಿಗಳು ಕ್ರೈಸ್ತ ಮಿಷನರಿಗಳಾಗಿದ್ದುದರಿಂದ ಬೆಳೆದದ್ದು ಚೀನಾದಲ್ಲಿ. 1917ರಲ್ಲಿ ಕೃಷಿತಜ್ಞನಾದ ಜಾನ್ ಬಕ್ಕನನ್ನು ಮದುವೆಯಾದಳು. 1920ರಲ್ಲಿ ಕ್ಯಾರಲ್ ಹುಟ್ಟಿದಳು. ಅದೇ ವರ್ಷ ನಡೆದ ಶಸ್ತ್ರಚಿಕಿತ್ಸೆಯಿಂದಾಗಿ ಆಕೆಗೆ ಮತ್ತೆ ಮಕ್ಕಳಾಗುವಂತಿರಲಿಲ್ಲ.

ಮಗು ಬಲು ಚೆಲುವೆ. ಆದರೆ ಮೂರು ವರ್ಷ ತುಂಬಿದರೂ ಮಾತು ಬರಲಿಲ್ಲ. ಕೆಲವು ಮಕ್ಕಳಿಗೆ ತಡವಾಗುತ್ತದೆಂದು ಸ್ನೇಹಿತರು ಸಮಾಧಾನ ಹೇಳಿದರು, ತಾಯಿ ನಂಬಿದಳು. ನಂಬದೆ ಏನು ಮಾಡಿಯಾಳು? ಮುಂದೆ ಅಮೆರಿಕಕ್ಕೆ ಬಂದು ವೈದ್ಯರಿಂದ ವೈದ್ಯರಿಗೆ ಅಲೆದಳು. ಕೊನೆಗೆ ಮೇಯೊ ಚಿಕಿತ್ಸಾಲಯದಲ್ಲಿ ಒಬ್ಬ ವೈದ್ಯರು ಎಂದಿನಂತೆ ಮೃದುವಾಗಿ ಮಾತನಾಡಿ ಕಳುಹಿಸಿದರು. ಹೊರಗೆ ಬರುತ್ತಿದ್ದಾಗ ಇನ್ನೊಬ್ಬ ವೈದ್ಯನು ಆಕೆಯನ್ನು ತಡೆದು, ಈ ಮಗು ಎಂದೂ ಸರಿಹೋಗದು, ಅದು ಸುಖವಾಗಿರುವ ಜಾಗವನ್ನು ಹುಡುಕಿ ಅಲ್ಲಿ ಬಿಡಬೇಕೆಂದು ನೇರವಾಗಿ ತಿಳಿಸಿದನು. ಕಠೋರವಾದ ಆ ಮಾತಿಗಾಗಿ ಆಕೆ ಕೊನೆಯವರೆಗೂ ಕೃತಜ್ಞಳಾಗಿದ್ದಳು.

ಆದರೂ ತಾಯಿಯ ಮನಸ್ಸು ಸುಲಭವಾಗಿ ಕೇಳುವುದುಂಟೆ? ಮನೆಯಲ್ಲಿಯೇ ಅಕ್ಷರ ಕಲಿಸಲು ಕುಳಿತಳು. ಒಂದು ದಿನ ಬರೆಯಿಸಲೆಂದು ಕ್ಯಾರಲ್ಲಳ ಪುಟ್ಟ ಕೈಯನ್ನು ಹಿಡಿದಾಗ ಅದು ಬೆವರಿನಿಂದ ಒದ್ದೆಯಾಗಿತ್ತು. ಇನ್ನೊಂದು ಕೈಯೂ ಹಾಗೆಯೇ. ಏನೊಂದೂ ಅರ್ಥವಾಗದಿದ್ದರೂ ಅಮ್ಮನನ್ನು ಮೆಚ್ಚಿಸಲೆಂದೇ ಆ ಕೂಸು ಇಷ್ಟು ದಿನವೂ ಹೆಣಗುತ್ತಿತ್ತು! ಪರ್ಲ್ ಪುಸ್ತಕಗಳನ್ನು ಎತ್ತಿಟ್ಟುಬಿಟ್ಟಳು. ಆಕೆಯ ಬಾಳಿನಲ್ಲಿ ನೊಬೆಲ್ ಪಾರಿತೋಷಕಕ್ಕಿಂತ ಈ ಗಳಿಗೆಯೇ ದೊಡ್ಡದೆಂದು ನನ್ನ ಎಣಿಕೆ.

1929ರಲ್ಲಿ, ಒಂಬತ್ತು ವರ್ಷದ ಮಗಳನ್ನು ನ್ಯೂಜೆರ್ಸಿಯ ವೈನ್‌ಲ್ಯಾಂಡ್ ಶಾಲೆಗೆ ಸೇರಿಸಿದಳು. ಹೆತ್ತ ಮಗುವನ್ನು ಬಿಟ್ಟು ಬಂದಳೆಂದು ಆಕ್ಷೇಪಿಸುವವರು ಇರಬಹುದು. ಆದರೆ ತನ್ನಂತೆಯೇ ಇರುವವರ ನಡುವೆ, ಯಾರ ಅಣಕಕ್ಕೂ ಗುರಿಯಾಗದೆ ಮಗಳು ನಗುತ್ತಿರಬೇಕೆಂಬುದು ಆಕೆಯ ಆಸೆ. ಅದಕ್ಕೆ ಹಣ ಬೇಕು. ಸಾಲ ಮಾಡಿದಳು, ಬರೆದಳು. 1931ರಲ್ಲಿ ಪ್ರಕಟವಾದ ‘ದಿ ಗುಡ್ ಅರ್ತ್’ ಆ ಚಿಂತೆಯನ್ನು ಕಳೆಯಿತು. ಅದರಲ್ಲಿ ವಾಂಗ್ ಲುಂಗನಿಗೊಬ್ಬಳು ಬುದ್ಧಿ ಬೆಳೆಯದ ಮಗಳಿದ್ದಾಳೆ. ಆ ಪಾತ್ರ ಎಲ್ಲಿಂದ ಬಂದಿತೆಂಬುದನ್ನು ಓದುಗರು ಅರಿಯರು. 1950ರಲ್ಲಿ ಮಾತ್ರ, ಮೂವತ್ತು ವರ್ಷಗಳ ಮೌನವನ್ನು ಮುರಿದು, ಮಗಳ ಕಥೆಯನ್ನು ‘ದಿ ಚೈಲ್ಡ್ ಹೂ ನೆವರ್ ಗ್ರೂ’ ಎಂಬ ಚಿಕ್ಕ ಪುಸ್ತಕದಲ್ಲಿ ಲೋಕದ ಮುಂದಿಟ್ಟಳು.

ಕ್ಯಾರಲ್ಲಳ ಕಾಯಿಲೆಯ ಹೆಸರು ಗೊತ್ತಾದದ್ದು ಬಹುಕಾಲದ ಮೇಲೆ: ಫಿನೈಲ್‌ಕೀಟೋನೂರಿಯ. ಆಹಾರದ ಸಸಾರಜನಕದಲ್ಲಿರುವ ಫಿನೈಲ್‌ಅಲನೀನ್ ಎಂಬ ಅಂಶವನ್ನು ಇಂಥ ಮಕ್ಕಳ ದೇಹ ಜೀರ್ಣಿಸಿಕೊಳ್ಳಲಾರದು; ಅದು ರಕ್ತದಲ್ಲಿ ಸೇರಿ ಮಿದುಳನ್ನು ಕೆಡಿಸುತ್ತದೆ. ನಾರ್ವೆಯ ವೈದ್ಯ ಫೋಲಿಂಗ್ ಇದನ್ನು ಕಂಡುಹಿಡಿದದ್ದು 1934ರಲ್ಲಿ. ಅದಕ್ಕೂ ಪ್ರೇರಣೆ ಎರಡು ಮಕ್ಕಳನ್ನು ಕಟ್ಟಿಕೊಂಡು ಉತ್ತರಕ್ಕಾಗಿ ಅಲೆದ ಒಬ್ಬ ತಾಯಿಯೇ. 1953ರ ಹೊತ್ತಿಗೆ ಪಥ್ಯದ ಆಹಾರದಿಂದ ಗುಣ ಕಾಣಬಹುದೆಂದು ತಿಳಿಯಿತು. ಹುಟ್ಟಿದ ಕೂಸಿನ ಹಿಮ್ಮಡಿಯಿಂದ ತೆಗೆದ ರಕ್ತದ ಹನಿಗಳಿಂದ ಈಗ ಇದನ್ನು ಗುರುತಿಸಬಹುದು. ಕ್ಯಾರಲ್ಲಳ ಪಾಲಿಗೆ ಇದೆಲ್ಲ ತಡವಾಯಿತು.

ಈ ರೋಗ ಬರಬೇಕಾದರೆ ತಂದೆ, ತಾಯಿ ಇಬ್ಬರಿಂದಲೂ ದೋಷವುಳ್ಳ ಅಂಶ ಮಗುವಿಗೆ ಬಂದಿರಬೇಕು. ಅವರಿಬ್ಬರೂ ಆರೋಗ್ಯವಾಗಿಯೇ ಇರುತ್ತಾರೆ. ನಮ್ಮ ಹಳ್ಳಿಗಳ ಕಡೆ ಬಸುರಿ ಗ್ರಹಣ ನೋಡಿದಳೆಂದೋ, ಪೂರ್ವಜನ್ಮದ ಪಾಪವೆಂದೋ ಹೆತ್ತವಳನ್ನೇ ದೂರುವುದುಂಟು. ತಂದೆಯನ್ನು ಕೇಳುವವರಿಲ್ಲ.

ಕ್ಯಾರಲ್ಲಳಿಗೆ ಸಂಗೀತವೆಂದರೆ ಪ್ರಾಣ. ಗ್ರಾಮಫೋನಿನ ಬಳಿ ಗಂಟೆಗಟ್ಟಲೆ ಕುಳಿತಿರುತ್ತಿದ್ದಳಂತೆ. ಪರ್ಲ್ ಬಕ್ 1973ರಲ್ಲಿ ತೀರಿಕೊಂಡಳು. ಮಗಳು ಆಮೇಲೆಯೂ ವೈನ್‌ಲ್ಯಾಂಡಿನಲ್ಲಿಯೇ ಇದ್ದು 1992ರಲ್ಲಿ ಕಣ್ಣು ಮುಚ್ಚಿದಳು.