ಜಾನ್ ಬ್ರೌನಿಂಗ್

ಅಮೆರಿಕದ ಯೂಟಾ ಪ್ರಾಂತದ ಆಗ್ಡೆನ್ ಎಂಬ ಊರಿನಲ್ಲಿ ೧೮೫೫ನೆಯ ಜನವರಿ ೨೩ರಂದು ಜಾನ್ ಮೋಸೆಸ್ ಬ್ರೌನಿಂಗ್ ಜನಿಸಿದನು. ತಂದೆ ಬಂದೂಕು ತಯಾರಿಸುವ ಕುಶಲಕರ್ಮಿ. ಆತನ ಕಾರ್ಯಾಗಾರವೇ ಬಾಲಕನಿಗೆ ಪಾಠಶಾಲೆಯಾಯಿತು. ನಕ್ಷೆ ಬರೆಯುವುದಕ್ಕಿಂತ ಲೋಹವನ್ನು ಕೊರೆದು, ಅರದಿಂದ ಉಜ್ಜಿ ಮಾದರಿಯನ್ನೇ ನಿರ್ಮಿಸುವುದು ಅವನಿಗೆ ಪ್ರಿಯವಾಗಿತ್ತು. ೧೮೭೯ರಲ್ಲಿ ಅವನಿಗೆ ಮೊದಲ ಪೇಟೆಂಟ್ ದೊರೆಯಿತು.

ಹತ್ತು ವರ್ಷಗಳ ಅನಂತರ, ಗುಂಡು ಹಾರಿದಾಗ ನಳಿಗೆಯಿಂದ ನುಗ್ಗಿದ ಅನಿಲಕ್ಕೆ ಎದುರಿನ ಹುಲ್ಲು ಬಾಗಿದುದನ್ನು ಅವನು ಕಂಡನು. ಹೀಗೆ ವ್ಯರ್ಥವಾಗುವ ಶಕ್ತಿಯಿಂದಲೇ ಮುಂದಿನ ಗುಂಡನ್ನು ಏಕೆ ತುಂಬಬಾರದು? ಈ ವಿಚಾರದ ಬೆನ್ನುಹತ್ತಿ ಅವನು ಸ್ವಯಂಚಾಲಿತ ಆಯುಧಗಳ ಕಡೆಗೆ ತಿರುಗಿದನು.

ಆ ಕಾಲದಲ್ಲಿ ಯೂರೋಪಿನಲ್ಲಿ ಲೂಗರನ ಪಿಸ್ತೂಲು ಹೆಸರಾಗಿತ್ತು. ಗುಂಡು ಹಾರಿದೊಡನೆ ಅದರ ಹಿಂಬದಿಯ ಕೀಲು ಮೊಣಕಾಲಿನಂತೆ ಮಡಿಚಿಕೊಂಡು ಮೇಲೇಳುತ್ತಿತ್ತು. ನೋಡಲು ಎಷ್ಟು ಸೊಗಸಾದ ಯಂತ್ರ! ಆದರೆ ಅದರ ಭಾಗಗಳು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂಡಬೇಕಾಗಿತ್ತು. ನುರಿತ ಕೆಲಸಗಾರರು ಅವನ್ನು ಕೈಯಿಂದ ಹೊಂದಿಸುತ್ತಿದ್ದರು. ಒಂದರ ಭಾಗ ಇನ್ನೊಂದಕ್ಕೆ ಸೇರಿಹೋಗದಂತೆ ಅವುಗಳ ಮೇಲೆ ಅಂಕಿಗಳನ್ನೂ ಒತ್ತುತ್ತಿದ್ದರು.

ಬ್ರೌನಿಂಗನ ದಾರಿಯೇ ಬೇರೆ. ಅವನು ನಳಿಗೆಯ ಮೇಲೆ ಹಿಂದುಮುಂದು ಜಾರುವ ಉಕ್ಕಿನ ಕವಚವನ್ನು ಹೊದಿಸಿದನು. ನಳಿಗೆಯ ಬೆನ್ನಿನ ಏಣುಗಳು ಕವಚದ ಒಳಗಿನ ತೋಡುಗಳಲ್ಲಿ ಸಿಕ್ಕಿಕೊಂಡಿರುತ್ತವೆ. ಗುಂಡು ಹಾರಿದಾಗ ಎರಡೂ ಜೊತೆಯಾಗಿ ತುಸು ಹಿಂದೆ ಸರಿಯುತ್ತವೆ. ಆಗ ಚಿಕ್ಕ ಕೊಂಡಿಯೊಂದು ನಳಿಗೆಯ ಹಿಂಭಾಗವನ್ನು ಕೆಳಗೆಳೆದು ಬಿಡಿಸುತ್ತದೆ. ಕವಚವು ಇನ್ನೂ ಹಿಂದೆ ಸರಿದು ಖಾಲಿ ತೋಟಾವನ್ನು ಹೊರಚೆಲ್ಲಿ, ಸ್ಪ್ರಿಂಗಿನ ಬಲದಿಂದ ಮರಳುವಾಗ ಹೊಸದನ್ನು ಒಳಗೆ ನೂಕುತ್ತದೆ. ಭಾಗಗಳ ನಡುವೆ ಬೇಕೆಂದೇ ತುಸು ಸಡಿಲವನ್ನು ಬಿಟ್ಟಿತ್ತು. ಆದುದರಿಂದ ಧೂಳು, ಕೆಸರು ಹೊಕ್ಕರೂ ಅದು ಸುಲಭವಾಗಿ ಮುಗ್ಗರಿಸುತ್ತಿರಲಿಲ್ಲ. ಸಿಪಾಯಿಯು ಬೇರೆ ಉಪಕರಣವಿಲ್ಲದೆ ಅದನ್ನು ಬಿಚ್ಚಿ ಶುಚಿಮಾಡಬಹುದಾಗಿತ್ತು.

೧೯೧೧ರ ಮಾರ್ಚಿಯಲ್ಲಿ ನಡೆದ ಪರೀಕ್ಷೆಯಲ್ಲಿ ಈ ಪಿಸ್ತೂಲಿನಿಂದ ೬೦೦೦ ಗುಂಡುಗಳನ್ನು ಹಾರಿಸಿದರು. ಕಾದಾಗ ನೀರಿನಲ್ಲಿ ಅದ್ದಿ ಮತ್ತೆ ಹಾರಿಸಿದರು. ಒಮ್ಮೆಯೂ ಅದು ತಡೆಯಲಿಲ್ಲ. ಆ ತಿಂಗಳೇ ಅಮೆರಿಕದ ಸೇನೆ ಅದನ್ನು ಅಂಗೀಕರಿಸಿತು. ೧೯೮೫ರವರೆಗೂ ಅದೇ ಸೇನೆಯ ಅಧಿಕೃತ ಪಿಸ್ತೂಲಾಗಿತ್ತು.

ಈ ಕೌಶಲವನ್ನು ಮೆಚ್ಚುವಾಗ ಮತ್ತೊಂದು ಸಂಗತಿಯನ್ನು ಮರೆಮಾಚುವುದು ನ್ಯಾಯವಲ್ಲ. ೧೯೧೪ನೆಯ ಜೂನ್ ೨೮ರಂದು ಸರಾಯೇವೋ ನಗರದಲ್ಲಿ ಆಸ್ಟ್ರಿಯದ ಯುವರಾಜನನ್ನೂ ಅವನ ಪತ್ನಿಯನ್ನೂ ಕೊಂದ ಪಿಸ್ತೂಲು ಬ್ರೌನಿಂಗನದೇ ಇನ್ನೊಂದು ರಚನೆ, ಬೆಲ್ಜಿಯಂನಲ್ಲಿ ತಯಾರಾದುದು. ಆ ಕೊಲೆಯ ಬೆನ್ನಲ್ಲೇ ಮೊದಲನೆಯ ಮಹಾಯುದ್ಧ ಹೊತ್ತಿಕೊಂಡಿತು.

೧೯೨೬ರ ನವೆಂಬರ್ ೨೬ರಂದು ಬೆಲ್ಜಿಯಂನ ಅದೇ ಕಾರ್ಖಾನೆಯಲ್ಲಿ, ಕೆಲಸದ ನಡುವೆಯೇ, ಹೃದಯಾಘಾತದಿಂದ ಅವನು ಮರಣಹೊಂದಿದನು. ಅವನು ಅರ್ಧಕ್ಕೆ ಬಿಟ್ಟಿದ್ದ ಪಿಸ್ತೂಲನ್ನು ಅಲ್ಲಿನ ತಜ್ಞ ಸೈವ್ ಪೂರ್ಣಗೊಳಿಸಿದನು. ಅದು ೧೯೩೫ರಲ್ಲಿ ಹೊರಬಂದಿತು.